ಹೊಸ್ತಿಲ ಮೇಲೆ ಕೇಳಬಾರದ ಮಾತು

ಸಿಂಧನೂರಿನ ಸರಕಾರಿ ದವಾಖಾನೆಗೆ ಹತ್ತಿರದಲ್ಲೇ ಒಂದು ಹಳೆಯ ಛತ್ರವಿದೆ. ಅದರ ಪಡಸಾಲೆಯ ಗೋಡೆಗೆ ಗಾಜಿನ ಚೌಕಟ್ಟೊಂದನ್ನು ತೂಗುಹಾಕಿದ್ದಾರೆ. ಒಳಗಿರುವುದು ಛತ್ರ ಕಟ್ಟಿಸಿದವರು ಅದರ ನಿಯಮಗಳನ್ನು ಬರೆಸಿದ ಮೂಲಪತ್ರದ ಕನ್ನಡ ಪ್ರತಿ. ಶುಕ್ರವಾರಕ್ಕೊಮ್ಮೆ ಕಾವಲುಗಾರ ಅದಕ್ಕೆ ಹೂವಿನ ಸರ ಹಾಕಿ ಊದಿನಕಡ್ಡಿ ಹಚ್ಚುತ್ತಾನೆ. ಬಂದವರು ಕೈಮುಗಿಯುತ್ತಾರೆ. ಕುಂಕುಮ ಹಚ್ಚಿ ಹಚ್ಚಿ ಗಾಜಿನ ಮೇಲ್ಭಾಗ ಕೆಂಪಾಗಿ ಹೋಗಿದೆ. ಅದನ್ನು ಓದಿದವರನ್ನು ಮಾತ್ರ ನಾನು ಕಂಡಿರಲಿಲ್ಲ. ಜೀವಮಾನವೆಲ್ಲ ಕನ್ನಡ ಕಲಿಸಿದ ನಾನೇ ಒಂದೆರಡು ಸಲ ಓದಲು ಹೋಗಿ, ಎರಡನೆಯ ಸಾಲಿಗೆ ಕನ್ನಡಕ ಒರೆಸಿಕೊಂಡು ವಾಪಸು ಬಂದಿದ್ದೆ.

ಛತ್ರವೇನೂ ದೊಡ್ಡದಲ್ಲ. ಮುಂದೆ ಪಡಸಾಲೆ, ಹಿಂದೆ ಕೆಲವು ಕೋಣೆ, ಒಂದು ಅಡುಗೆಮನೆ, ಅಂಗಳದಲ್ಲಿ ಬೇವಿನ ಮರ. ತುರ್ವಿಹಾಳ, ಬಳಗಾನೂರು, ದಢೇಸುಗೂರು ಕಡೆಯಿಂದ ರೋಗಿಗಳನ್ನು ಕರೆತಂದವರು ಅಲ್ಲಿ ಉಳಿದುಕೊಳ್ಳುತ್ತಾರೆ. ನಿಜಾಮರ ಆಳ್ವಿಕೆಯಲ್ಲಿ ಇಬ್ಬರು ಗೆಳೆಯರು ಸೇರಿ ಕಟ್ಟಿಸಿದ್ದಂತೆ. ಒಬ್ಬರು ಹತ್ತಿ ವ್ಯಾಪಾರಿ, ಇನ್ನೊಬ್ಬರು ಚಕ್ಕಡಿ ಮಾಡುವ ಮುಸಲ್ಮಾನ ಬಡಿಗ. ಜಾಗ ವ್ಯಾಪಾರಿಯದು, ಮರಗೆಲಸವೆಲ್ಲ ಬಡಿಗನದು. ಆಗ ಸರಕಾರದ ಭಾಷೆ ಉರ್ದುವಾದ್ದರಿಂದ ಮೂಲಪತ್ರವನ್ನೂ ಉರ್ದುವಿನಲ್ಲೇ ಬರೆಸಿದರು. ಎಷ್ಟೋ ವರ್ಷಗಳ ಮೇಲೆ ಯಾರೋ ವಕೀಲರು ಅದನ್ನು ಕನ್ನಡಕ್ಕೆ ತಂದರು. ತಂದರು ಅನ್ನುವುದೇ ತಪ್ಪು. ಉರ್ದುವಿನ ಗಂಟನ್ನು ಬಿಚ್ಚಿ ಸಂಸ್ಕೃತದ ಗಂಟು ಹಾಕಿದರು. ‘ಸದರಿ ವಾಸ್ತವ್ಯಗೃಹದಲ್ಲಿ ಅಸ್ವಸ್ಥ ವ್ಯಕ್ತಿಯ ಸಹವರ್ತಿಗಳು’ ಎಂದು ಶುರುವಾಗುವ ಆ ವಾಕ್ಯ ಕೊನೆಯಾಗುವುದು ಹಾಳೆಯ ಬುಡದಲ್ಲಿ, ರುಜುಗಳ ಹತ್ತಿರ.

ಕಳೆದ ವರ್ಷ ಛತ್ರದ ಸಮಿತಿಯ ಅಧ್ಯಕ್ಷ ನಮ್ಮ ಮನೆಗೆ ಬಂದ. ಅಕ್ಕಿ ಗಿರಣಿಯ ಮಾಲೀಕ, ಊರಿಗೆಲ್ಲ ಸಾವುಕಾರ. ನನಗೆ ಮಾತ್ರ ಮಸ್ಕಿಯ ಶಾಲೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗ. ಪಾಠ ಮಾಡುವಾಗ ನನ್ನ ಪ್ರತಿ ವಾಕ್ಯಕ್ಕೂ ‘ಹೂಂ’ ಎನ್ನುತ್ತಿದ್ದ. ಚೇಷ್ಟೆಯೆಂದು ತಿಳಿದು ಎಬ್ಬಿಸಿ ಬೈದರೆ, “ಅಜ್ಜಿ ಕತಿ ಹೇಳೋವಾಗ ಹೂಂ ಅನ್ನದಿದ್ರ ಅಲ್ಲಿಗೇ ನಿಲ್ಲಸ್ತಾಳ್ರೀ ಟೀಚರ್” ಎಂದು ಅಳುಮೋರೆ ಮಾಡಿದ್ದ. ಆಮೇಲೆ ನಾನು ಬೈಯುವುದನ್ನು ಬಿಟ್ಟೆ. ಅವನು ಹೂಂ ಎನ್ನುವುದನ್ನು ಬಿಡಲಿಲ್ಲ.

“ಟೀಚರ್ರೀ, ಛತ್ರಕ್ಕ ಹೊಸಾ ಟೈಲ್ಸ್ ಹಾಕಸೀನಿ, ಬಣ್ಣ ಬಳಿಸಾಕತ್ತೀನಿ,” ಎಂದ. “ಬಾಗಲ ಬಾಜೂಕ ಗ್ರಾನೈಟ್ ಕಲ್ಲು ಕೂಡಸಿ ಅದರ ಮ್ಯಾಲ ಮೂಲಪತ್ರ ಕೆತ್ತಸಬೇಕು ಅಂತ ಐತಿ. ನಿಮಗ ಉರ್ದುನೂ ಬರತೈತಿ, ಕನ್ನಡನೂ ಬರತೈತಿ. ಈಗಿನ ಕನ್ನಡದಾಗ ಬರದು ಕೊಡ್ರಿ. ಓದಿದವರಿಗೆ ತಿಳೀಬೇಕು.”

“ತಿಳಿದ್ರ ನಿನಗ ನಡೀತೈತೇನು?” ಎಂದು ಕೇಳಿದೆ.

“ಅದ್ಯಾಕ ನಡಿಯಂಗಿಲ್ರೀ?” ಎಂದು ನಕ್ಕ. ನಾನು ತಮಾಷೆಗೇ ಕೇಳಿದ್ದೆ. ಅವನೂ ತಮಾಷೆಗೇ ಉತ್ತರಿಸಿದ.

ಉರ್ದು ನನಗೆ ಬಂದದ್ದು ಅಪ್ಪನಿಂದ. ಲಿಂಗಸುಗೂರಿನಲ್ಲಿ ಅಪ್ಪ ಕಚೇರಿಯಲ್ಲಿ ಕಾರಕೂನರಾಗಿದ್ದರು. ಕೆಲಸ ಬಿಟ್ಟ ಮೇಲೂ ಸುತ್ತಲಿನ ಹಳ್ಳಿಯವರು ತಮ್ಮ ಹಳೆಯ ಉರ್ದು ಕಾಗದಗಳನ್ನು ಓದಿಸಿಕೊಳ್ಳಲು ನಮ್ಮ ಮನೆಗೆ ಬರುತ್ತಿದ್ದರು. ಅಪ್ಪ ಕಟ್ಟೆಯ ಮೇಲೆ ಕೂತು ಉರ್ದುವನ್ನು ಕಣ್ಣಲ್ಲಿ ಓದಿ, ಬಾಯಲ್ಲಿ ಕನ್ನಡ ಹೇಳುತ್ತಿದ್ದರು. ಒಂದು ಮಾತು ಹೇಳಿ ನಿಲ್ಲಿಸುವರು. ಎದುರಿಗಿದ್ದವರು ‘ಹೂಂ’ ಎಂದರೆ ಮುಂದಿನ ಮಾತು. ಎನ್ನದಿದ್ದರೆ ಕಾಗದ ಕೆಳಗಿಟ್ಟು, “ಯಾಕಪಾ?” ಎಂದು ಕೇಳುವರು. ಒಂದೋ ಅವನಿಗೆ ತಿಳಿದಿಲ್ಲ, ಇಲ್ಲವೇ ಒಪ್ಪಿಗೆಯಿಲ್ಲ. ಎರಡರಲ್ಲಿ ಯಾವುದು ಎಂದು ಇತ್ಯರ್ಥವಾಗದೆ ಅಪ್ಪ ಮುಂದೆ ಹೋಗುತ್ತಿರಲಿಲ್ಲ.

ಇದು ಅಪ್ಪನೊಬ್ಬರ ಪದ್ಧತಿಯಲ್ಲ. ನಮ್ಮ ಕಡೆ ಹೊಲದ ಪಾಲಿರಲಿ, ಕಾಲುವೆ ನೀರಿನ ಸರತಿಯಿರಲಿ, ಹಿರಿಯರ ಮುಂದೆ ಕಾಗದ ಓದುವುದು ಹೀಗೆಯೇ. ಪ್ರತಿ ಮಾತಿಗೂ ಹೂಂಗುಟ್ಟಿದ ಮೇಲೆ, ‘ನಾನು ಒಪ್ಪಿರಲಿಲ್ಲ’ ಎನ್ನುವಂತಿಲ್ಲ. ಹಾಗೆ ಎಂದವನೊಬ್ಬನನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ದೊಡ್ಡ ಕುಳವೇ. ಹೂಂ ಎಂದು ಮರುದಿನ ತಿರುಗಿ ಬಿದ್ದ. ಆಮೇಲೆ ಅವನು ಕಟ್ಟೆಗೆ ಬಂದರೆ ಉಳಿದವರು ಅಡಿಕೆ ಉಗುಳುವ ನೆಪ ಮಾಡಿ ಒಬ್ಬೊಬ್ಬರೇ ಎದ್ದು ಹೋಗುತ್ತಿದ್ದರು.

ಮೂಲಪತ್ರದ ಉರ್ದು ಪ್ರತಿ ಛತ್ರದ ಖಜಾಂಚಿಯ ಮನೆಯಲ್ಲಿತ್ತು. ಸೈಕಲ್ ಅಂಗಡಿ ಇಟ್ಟುಕೊಂಡಿರುವ ಈ ಖಜಾಂಚಿ ಆ ಚಕ್ಕಡಿ ಬಡಿಗನ ಮೊಮ್ಮಗ. ಟ್ರಂಕಿನಿಂದ ಹಸಿರು ಬಟ್ಟೆಯ ಗಂಟನ್ನು ತೆಗೆದು, ನಮಾಜಿಗೆ ಮುಂಚೆ ವಜು ಮಾಡಿದವರ ಹಾಗೆ ಕೈ ತೊಳೆದು ಬಂದು ಬಿಚ್ಚಿದರು. “ಆಪಾ, ಎತ್ತಿನ ಮಾತು ಐತಂತ ನಮ್ಮಪ್ಪ ಹೇಳತಿದ್ದ. ಅದನ್ನ ಬಿಡಬ್ಯಾಡ್ರಿ,” ಎಂದರು. ಅವರಿಗೆ ಬೇಕಾಗಿದ್ದದ್ದು ಅಷ್ಟೇ. ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಬಂದೆ.

ಮನೆಯಲ್ಲಿ ಕೂತು ಬರೆಯಲು ಆಗಲಿಲ್ಲ. ಬರೆದ ಪ್ರತಿ ಸಾಲೂ ಪಠ್ಯಪುಸ್ತಕದ ಪ್ರಸ್ತಾವನೆಯಂತೆ ಬರುತ್ತಿತ್ತು. ನನ್ನ ಮೇಲೆ ನನಗೇ ರೇಗಿತು. ಎದುರಿಗೆ ಹೂಂ ಎನ್ನುವವರಿಲ್ಲದೆ ಇದು ಆಗುವ ಕೆಲಸವಲ್ಲ ಎಂದು ಗೊತ್ತಾಗಿ, ಮಧ್ಯಾಹ್ನದ ಊಟ ಮುಗಿಸಿ ಕಾಗದ ಹಿಡಿದು ಛತ್ರಕ್ಕೇ ಹೋಗತೊಡಗಿದೆ.

ಅಲ್ಲಿ ಹೊರಗಿನ ಜಗಲಿಯ ಮೇಲೆ ದಢೇಸುಗೂರಿನ ಹೆಂಗಸೊಬ್ಬಳು ಕೂತಿರುತ್ತಿದ್ದಳು. ಭತ್ತದ ನಾಟಿಗೆ ಹೋಗುವವಳು, ಮಾತಿನಲ್ಲಿ ಜೋರು. ಮಗಳಿಗೆ ದವಾಖಾನೆಯಲ್ಲಿ ದಿನ ತುಂಬುವ ಮೊದಲೇ ಹೆರಿಗೆಯಾಗಿತ್ತು. ಹೆಣ್ಣು ಕೂಸು, ತೂಕ ಬಹಳ ಕಡಿಮೆ. ಕೂಸನ್ನು ಬೆಚ್ಚಗಿಡುವ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಬಾಣಂತಿ ಗಟ್ಟಿಯಾದಳೆಂದು ಅವಳನ್ನು ಬಿಡುಗಡೆ ಮಾಡಿದ್ದರು. ಹಾಲು ಕೊಡಲು ಮಾತ್ರ ಅವಳು ದಿನಕ್ಕೆ ಎಷ್ಟೋ ಸಲ ಒಳಗೆ ಹೋಗಿಬರಬೇಕಾಗಿತ್ತು. ತಾಯಿಯ ಹಾಲೇ ಅದಕ್ಕೆ ಔಷಧ ಎಂದು ಡಾಕ್ಟರಮ್ಮ ಕಟ್ಟುನಿಟ್ಟಾಗಿ ಹೇಳಿದ್ದರಂತೆ. ಊರಿಗೆ ಹೋಗಿ ಬಸ್ಸಿನಲ್ಲಿ ಬಂದು ಕೊಡುವ ಹಾಲಲ್ಲ ಅದು.

“ಒಳಗ ಕೋಣಿ ಇಲ್ಲೇನು? ಜಗಲಿ ಮ್ಯಾಲ ಯಾಕ ಕುಂತಿ?” ಎಂದು ಮೊದಲ ದಿನ ಕೇಳಿದೆ.

“ಇತ್ರೀ ಅಕ್ಕಾರ. ಚೀಟಿ ಮುಗೀತಂತ ಹೊರಗ ಹಾಕ್ಯಾರ,” ಎಂದಳು.

ಛತ್ರದಲ್ಲಿ ಒಂದು ನಿಯಮವಿತ್ತು. ದವಾಖಾನೆಯಲ್ಲಿ ಒಳರೋಗಿ ಎಂದು ಕೊಟ್ಟ ಚೀಟಿ ತೋರಿಸಿದರೆ ಕೋಣೆ. ಚೀಟಿ ಇದ್ದದ್ದು ಮಗಳ ಹೆಸರಿನಲ್ಲಿ. ಮಗಳ ಬಿಡುಗಡೆಯಾದ ಕೂಡಲೇ ಆ ಚೀಟಿಗೆ ಬೆಲೆಯಿಲ್ಲ. ಕೂಸಿಗೆ ಇನ್ನೂ ಹೆಸರೇ ಇಟ್ಟಿರಲಿಲ್ಲ. ಕಾವಲುಗಾರನಿಗೆ ಹೆಸರಿರುವ ಚೀಟಿ ಬೇಕು. ಅವನೂ ಕಟುಕನಲ್ಲ, ಜಗಲಿಯ ಮೇಲೆ ಇರಲು, ಅಡುಗೆಮನೆಯಲ್ಲಿ ಬೇಯಿಸಿಕೊಳ್ಳಲು ಬಿಟ್ಟಿದ್ದ. ಆದರೆ ಕಲ್ಲಿನ ಉದ್ಘಾಟನೆಗೆ ದೊಡ್ಡವರು ಬರುತ್ತಾರೆ, ಅಷ್ಟರೊಳಗೆ ಜಗಲಿಯೂ ಖಾಲಿಯಾಗಬೇಕು ಎಂದು ಹೇಳಿಟ್ಟಿದ್ದ. ಲಾಡ್ಜಿನಲ್ಲಿರುವಷ್ಟು ಅನುಕೂಲ ಅವರಿಗಿರಲಿಲ್ಲ. ಹಸಿಬಾಣಂತಿಯನ್ನು ದವಾಖಾನೆಯ ಗೇಟಿನ ಹೊರಗೆ ಬಯಲಲ್ಲಿ ಮಲಗಿಸಬೇಕು, ಇಲ್ಲ ಊರಿಗೆ ಕರೆದೊಯ್ದು ಕೂಸಿನ ಭಾರವನ್ನು ದೇವರ ಮೇಲೆ ಹಾಕಬೇಕು. ಇದು ಅವಳ ಮುಂದಿದ್ದ ಲೆಕ್ಕ.

ನನಗೆ ಸಿಟ್ಟು ಬಂತು. ನೆಟ್ಟಗೆ ಗಿರಣಿಗೆ ಹೋದೆ. ಹೊಟ್ಟಿನ ಧೂಳಿನ ನಡುವೆ ಅಧ್ಯಕ್ಷ ಕುರ್ಚಿ ಹಾಕಿಸಿದ, ಚಹಾ ತರಿಸಿದ. ಎಲ್ಲ ಕೇಳಿಸಿಕೊಂಡ. ಪ್ರತಿ ಮಾತಿಗೂ ಹೂಂ ಎಂದ. ಕೊನೆಗೆ, “ನೀವು ಹೇಳೋದು ಖರೇ ಐತ್ರೀ ಟೀಚರ್ರೀ. ಆದ್ರ ಚೀಟಿ ಯಾಕ ಮಾಡೀನಿ ಹೇಳ್ರಿ? ಮದ್ಲ ಇಸ್ಪೀಟ್ ಆಡೋರು ಬಂದು ಮಲಗತಿದ್ರು. ಕುಡದು ಬಂದು ಹೆಣ್ಮಕ್ಕಳಿಗೆ ತ್ರಾಸ ಕೊಡತಿದ್ರು. ಚೀಟಿ ಮಾಡಿದ ಮ್ಯಾಲ ಶಿಸ್ತು ಬಂದೈತಿ. ಒಬ್ಬರಿಗೆ ಬಿಟ್ರ ಎಲ್ಲಾರಿಗೂ ಬಿಡಬೇಕಾಗತೈತಿ,” ಎಂದ.

ಅದು ಸುಳ್ಳೇನಲ್ಲ. ಆ ಇಸ್ಪೀಟಿನವರನ್ನು ನಾನೂ ನೋಡಿದ್ದೆ. ಚಹಾ ಕುಡಿದು ಎದ್ದೆ. ಎದುರಿನವನ ಮಾತಿನಲ್ಲಿ ಹುರುಳಿದ್ದಾಗ ನನಗೆ ಇನ್ನೂ ಹೆಚ್ಚು ಸಿಟ್ಟು ಬರುತ್ತದೆ.

ಆ ಹೆಂಗಸನ್ನೇ ಹೂಂ ಎನ್ನಲು ಕೂಡಿಸಿಕೊಂಡೆ. ಅವಳು ಅಕ್ಕಿಯಲ್ಲಿ ನುಚ್ಚು ಆರಿಸುತ್ತಾ ಕೂರುವಳು, ನಾನು ಮೊಬೈಲಿನಲ್ಲಿ ಉರ್ದು ನೋಡಿ ಒಂದೊಂದೇ ಮಾತು ಹೇಳುವುದು. ‘ಅಸ್ವಸ್ಥರು’ ಎಂದೆ. ನುಚ್ಚು ಆರಿಸುತ್ತಲೇ ಇದ್ದಳು. ‘ರೋಗಿಗಳು’ ಎಂದೆ. ಗಂಟಲಲ್ಲೇ ಸಣ್ಣದೊಂದು ಹೂಂ ಬಂತು. ‘ಆರಾಮಿಲ್ಲದವರು’ ಎಂದಾಗ ಕತ್ತೆತ್ತಿ, “ಹೂಂ, ಹೇಳ್ರಿ,” ಎಂದಳು. ಅದನ್ನೇ ಬರೆದುಕೊಂಡೆ. ಒಮ್ಮೊಮ್ಮೆ ಅವಳು ಸುಮ್ಮನೆ ಹೂಂ ಎನ್ನುತ್ತಿದ್ದಳು, ತಲೆಯೆಲ್ಲ ದವಾಖಾನೆಯ ಕಡೆ ಇರುತ್ತಿತ್ತು. ಆಗ ನಾನು ಅದೇ ಮಾತನ್ನು ತಿರುಗಿಸಿ ಕೇಳುತ್ತಿದ್ದೆ. “ಏನಂದ್ರಿ?” ಎಂದು ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು.

ಗಂಟುಗಳನ್ನು ಬಿಡಿಸಿದಷ್ಟೂ ಒಳಗಿನ ಮನುಷ್ಯರು ಕಾಣತೊಡಗಿದರು. ಅದುವರೆಗೆ ನನಗೆ ಆ ಇಬ್ಬರು ಗೆಳೆಯರು ಬರೀ ಹೂವಿನ ಸರ ಹಾಕಿಸಿಕೊಳ್ಳುವವರಾಗಿದ್ದರು. ಈಗ ನೋಡಿದರೆ ಎಲ್ಲವನ್ನೂ ಯೋಚಿಸಿಟ್ಟಿದ್ದಾರೆ. ದೀಪದ ಎಣ್ಣೆ ಯಾರು ಕೊಡಬೇಕು, ಕುಡಿಯುವ ನೀರಿನ ಹರವಿ ಎಲ್ಲಿರಬೇಕು, ಬಂದವರ ಎತ್ತುಗಳಿಗೆ ಮೇವು ಎಲ್ಲಿಂದ ಬರಬೇಕು. ಬಾಗಿಲಿನ ಮಾತು ಬಂದಾಗ ಅದನ್ನು ಎರಡು ಸಲ ಓದಿದೆ. ದಾರಿಯಲ್ಲಿ ದಣಿದು ಹೆದರಿ ಬಂದವರನ್ನು ಹೊಸ್ತಿಲ ಮೇಲೆ ನಿಲ್ಲಿಸಿ ಏನನ್ನೂ ಕೇಳಬಾರದು, ಒಳಗೆ ಕರೆದು ಕೂಡಿಸಬೇಕು, ನೀರು ಕೊಡಬೇಕು. ಕುಡಿದ ಮೇಲೆ ಒಂದೇ ಒಂದು ಮಾತು ಕೇಳಬಹುದು: ಯಾರಿಗೆ ಆರಾಮಿಲ್ಲ? ಆ ಆರಾಮಿಲ್ಲದವರು ಎದ್ದು ಊರಿಗೆ ಹೋಗುವ ತನಕ ಈ ಮನೆ ಅವರ ಜೊತೆ ಬಂದವರದು.

ಇದೆಲ್ಲ ಗೋಡೆಯ ಮೇಲೂ ಇತ್ತು, ಬಚ್ಚಿಟ್ಟದ್ದೇನಲ್ಲ. ‘ದ್ವಾರಪ್ರದೇಶದಲ್ಲಿ ಪ್ರಶ್ನಾತೀತವಾಗಿ’ ಎಂದೇನೋ ಬರೆದಿದ್ದರು. ಆ ಪ್ರಶ್ನಾತೀತದ ಕೆಳಗೇ ಕಾವಲುಗಾರ ಮೇಜು ಹಾಕಿಕೊಂಡು ಚೀಟಿ ಕೇಳುತ್ತಿದ್ದ.

ನಾನು ಹೇಳಿದ್ದನ್ನು ಕೇಳಿ ಆ ಹೆಂಗಸು ಹೂಂ ಎಂದಳು, ಆಮೇಲೆ ಮೊರವನ್ನು ಪಕ್ಕಕ್ಕಿಟ್ಟಳು.

“ಅಕ್ಕಾರ, ಅದರಾಗ ಇನ್ನೊಂದು ಮಾತು ಸೇರಸ್ರಿ. ಹಸುಗೂಸಿದ್ರೂ ನಡೀತೈತಿ, ಹೆಸರಿಲ್ಲದಿದ್ರೂ ನಡೀತೈತಿ ಅಂತ.”

“ಅದು ಮೂಲದಾಗ ಇಲ್ಲವ್ವಾ.”

“ನಿಮಗ ಬಿಟ್ರ ಯಾರಿಗೆ ಗೊತ್ತಾಗತೈತ್ರೀ? ನೀವು ಬರದಿದ್ದೇ ಮೂಲ.”

ಅವಳು ಹೇಳಿದ್ದು ನಿಜ. ಉರ್ದು ಓದುವವರು ಆ ಸಮಿತಿಯಲ್ಲಿ ಯಾರೂ ಇರಲಿಲ್ಲ. ಖಜಾಂಚಿಗೆ ಮಾತಾಡಲು ಬರುತ್ತದೆ, ಓದಲು ಬಾರದು. ಒಂದು ಸಾಲು ಸೇರಿಸಿದರೆ ಒಂದು ಕೂಸಿಗೆ ಹಾಲು. ಅಂದು ಮನೆಗೆ ಬರುವಾಗ ದಾರಿಯುದ್ದಕ್ಕೂ ಆ ಸಾಲನ್ನೇ ಮನಸ್ಸಿನಲ್ಲಿ ಬರೆದು ಬರೆದು ಅಳಿಸಿದೆ. ಸೇರಿಸಬೇಕೆಂದು ಬಹಳ ಆಸೆಯಾಯಿತು. ಕೊನೆಗೆ ಸೇರಿಸಲಿಲ್ಲ. ಇಂದು ನಾನು ಒಳ್ಳೆಯದಕ್ಕೆಂದು ಒಂದು ಸಾಲು ಸೇರಿಸಿದರೆ, ನಾಳೆ ಅಧ್ಯಕ್ಷ ಶಿಸ್ತಿಗೆಂದು ಒಂದು ಸಾಲು ಸೇರಿಸುತ್ತಾನೆ. ಆಗ ಬೇಡ ಎನ್ನಲು ನನಗೆ ಬಾಯಿರುವುದಿಲ್ಲ. ಮರುದಿನ ಇದನ್ನು ಅವಳಿಗೆ ಹೇಳಿದೆ. ಅವಳು ಹೂಂ ಎನ್ನಲಿಲ್ಲ. ಎದ್ದು ಮಗಳಿಗೆ ಅನ್ನ ಬಸಿಯಲು ಹೋದಳು. ಅಡುಗೆಮನೆಯಿಂದ, “ಹಂಗಾರ ಬಂದವರಿಗೆ ಚಾ ಕೊಡ್ತಾರಂತಾದ್ರೂ ಬರೀರಿ,” ಎಂದು ಕೂಗಿದಳು. ಕೋಪ ಅಷ್ಟಕ್ಕೇ ಇಳಿದಿತ್ತು.

ಬರೆದು ಮುಗಿದದ್ದನ್ನು ಮೊದಲು ಸಮಿತಿಯ ಇಬ್ಬರಿಗೆ ಕಳುಹಿಸಿದೆ. ಒಬ್ಬರು ಬಟ್ಟೆ ಅಂಗಡಿಯವರು, ಬಹಳ ಭಕ್ತಿವಂತರು, ದಿನವೂ ವಿಭೂತಿ ಧರಿಸದೆ ಗಲ್ಲಾಪೆಟ್ಟಿಗೆ ತೆರೆಯುವವರಲ್ಲ. ಫೋನ್ ಮಾಡಿ ಬೇಸರದಿಂದ ಹೇಳಿದರು.

“ಏನ್ರೀ ಮೇಡಂ, ತೂಕಾನೇ ಇಲ್ಲಲ್ರೀ ಇದಕ್ಕ. ಮೂಲಪತ್ರ ಅಂದ್ರ ಕೈ ಮುಗೀಬೇಕು ಅನ್ನಸಬೇಕು. ಇದು ನಮ್ಮ ಅಂಗಡಿ ಆಳುಮಗನಿಗೂ ತಿಳೀತೈತಿ.”

“ಅವನಿಗೆ ತಿಳೀಲಿ ಅಂತನೇ ಬರದೀನ್ರೀ,” ಎಂದೆ.

“ತಿಳಿದ ಮ್ಯಾಲ ಮರ್ಯಾದಿ ಎಲ್ಲಿ ಉಳೀತೈತ್ರೀ?”

ಈ ಮಾತಿಗೆ ನನಗೆ ನಗು ತಡೆಯಲಾಗಲಿಲ್ಲ. ಅವರಿಗೆ ಇನ್ನಷ್ಟು ಬೇಸರವಾಯಿತು. ಇನ್ನೊಬ್ಬರು ಎತ್ತಿನ ಮಾತನ್ನು ತೆಗೆಯಬೇಕೆಂದರು. ಈಗ ಎತ್ತು ಕಟ್ಟಿಕೊಂಡು ದವಾಖಾನೆಗೆ ಯಾರು ಬರುತ್ತಾರೆ, ಅದರ ಬದಲು ‘ದ್ವಿಚಕ್ರ ವಾಹನ ನಿಲುಗಡೆ ಉಚಿತ’ ಎಂದು ಹಾಕಿರಿ ಎಂದರು. ನಾನು ಖಜಾಂಚಿಯ ಹೆಸರು ಹೇಳಿ ತಪ್ಪಿಸಿಕೊಂಡೆ. ಹಾಗಾದರೆ ಕಲ್ಲಿಗೆ ಹಾಕುವ ಮುನ್ನ ಎಲ್ಲರೂ ಕೂತು ಒಮ್ಮೆ ಓದಿಸಿ ಕೇಳೋಣ, ಒಪ್ಪಿಗೆಯಾದರೆ ಕೆತ್ತಿಸೋಣ ಎಂದು ಅಧ್ಯಕ್ಷ ಭಾನುವಾರ ಸಭೆ ಕರೆದ. ಜಗಲಿ ಖಾಲಿ ಮಾಡಲು ಕಾವಲುಗಾರ ಕೊಟ್ಟ ಗಡುವೂ ಅದೇ ಭಾನುವಾರ.

ಆ ದಿನ ನಾನು ಹೋಗುವ ಹೊತ್ತಿಗೆ ಜಗಲಿಯ ಮೇಲೆ ಎರಡು ಗಂಟುಗಳು ಕಟ್ಟಿ ತಯಾರಾಗಿದ್ದವು. ಒಂದರಲ್ಲಿ ಬಟ್ಟೆ, ಒಂದರಲ್ಲಿ ಪಾತ್ರೆ. ಮಗಳು ಹಾಲು ಕೊಡಲು ದವಾಖಾನೆಗೆ ಹೋಗಿದ್ದಳು. ತಾಯಿ ಗಂಟಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು.

“ಅಕಿ ಬಂದ ಮ್ಯಾಲ ಹೋಗ್ತೀವ್ರೀ,” ಎಂದಳು. ನೀನು ಹೂಂ ಎನ್ನದೆ ನನಗೆ ಓದಲು ಬರುವುದಿಲ್ಲ, ಒಳಗೆ ಬಾ ಎಂದು ಕರೆದುಕೊಂಡು ಹೋದೆ.

ಪಡಸಾಲೆಯಲ್ಲಿ ಜಮಖಾನ ಹಾಸಿದ್ದರು. ಮುಂದೆ ಸಮಿತಿಯವರು. ಹಿಂದೆ ಗೋಡೆಗೆ ಒರಗಿ ಕೋಣೆಗಳಲ್ಲಿದ್ದವರೂ ಬಂದು ಕೂತರು, ಅವರಿಗೂ ಹೊತ್ತು ಹೋಗಬೇಕಲ್ಲ. ಅಧ್ಯಕ್ಷ ಬಾಗಿಲ ಪಕ್ಕದಲ್ಲಿ, ಗಾಳಿ ಬರುವ ಕಡೆ ಕೂತಿದ್ದ. ನಾನು ಚೌಕಟ್ಟಿನ ಕೆಳಗೆ ಕುರ್ಚಿ ಹಾಕಿಕೊಂಡು ಓದಲು ಶುರುಮಾಡಿದೆ.

“ಈ ಮನೆ ಆರಾಮಿಲ್ಲದವರ ಜೊತೆ ಬಂದವರಿಗಾಗಿ.”

“ಹೂಂ,” ಎಂದ ಅಧ್ಯಕ್ಷ. ಹಿಂದಿನಿಂದ ಅವಳೂ ಹೂಂ ಎಂದಳು.

“ಯಾವ ಊರು, ಯಾವ ಜಾತಿ, ಯಾವ ದೇವರು ಎಂದು ನೋಡಬಾರದು.”

“ಹೂಂ.”

ಬಟ್ಟೆ ಅಂಗಡಿಯವರೂ ಮೆಲ್ಲಗೆ ಹೂಂಗುಟ್ಟಲು ಹತ್ತಿದರು. ಓದುವವರ ದನಿ ಒಂದು ಲಯಕ್ಕೆ ಬಿದ್ದರೆ ನಮ್ಮ ಜನಕ್ಕೆ ಬಾಯಿ ಕಟ್ಟಿ ಕೂರಲು ಆಗುವುದಿಲ್ಲ. ಹಿಂದೆ ಕೂತಿದ್ದವರ ಹೂಂ ಕೂಡ ಸೇರಿಕೊಂಡಿತು. ದೀಪದ ಎಣ್ಣೆಗೆ ಹೂಂ, ನೀರಿನ ಹರವಿಗೆ ಹೂಂ. ಎತ್ತಿನ ಮೇವಿಗೆ ಖಜಾಂಚಿಯವರ ಹೂಂ ಎಲ್ಲರಿಗಿಂತ ದೊಡ್ಡದಾಗಿ ಬಂತು. ನನಗೆ ಲಿಂಗಸುಗೂರಿನ ಕಟ್ಟೆಯೇ ಕಣ್ಣಿಗೆ ಕಟ್ಟಿತು.

“ಬಂದವರನ್ನು ಹೊಸ್ತಿಲ ಮೇಲೆ ನಿಲ್ಲಿಸಿ ಏನನ್ನೂ ಕೇಳಬಾರದು.”

“ಹೂಂ,” ಎಂದ ಅಧ್ಯಕ್ಷ.

“ಒಳಗೆ ಕರೆದು ಕೂಡಿಸಿ ನೀರು ಕೊಡಬೇಕು. ನೀರು ಕುಡಿದ ಮೇಲೆ ಒಂದೇ ಮಾತು ಕೇಳಬಹುದು: ಯಾರಿಗೆ ಆರಾಮಿಲ್ಲ?”

“ಹೂಂ.”

“ಆ ಆರಾಮಿಲ್ಲದವರು ಎದ್ದು ಊರಿಗೆ ಹೋಗುವ ತನಕ ಈ ಮನೆ ಅವರ ಜೊತೆ ಬಂದವರದು.”

“ಹೂಂ,” ಎಂದ ಅಧ್ಯಕ್ಷ, ಮಸ್ಕಿಯ ಹಿಂದಿನ ಬೆಂಚಿನಲ್ಲಿ ಕೂತು ಎನ್ನುತ್ತಿದ್ದನಲ್ಲ, ಹಾಗೆಯೇ.

ಆದರೆ ಹಿಂದಿನಿಂದ ಬರಬೇಕಾಗಿದ್ದ ಒಂದು ಹೂಂ ಬರಲಿಲ್ಲ. ಅಷ್ಟು ದಿನ ಅವಳೊಬ್ಬಳ ಹೂಂ ಕೇಳಿಯೇ ಬರೆದ ನನ್ನ ಕಿವಿಗೆ ಅದು ತಪ್ಪಿದ್ದು ಗೊತ್ತಾಯಿತು. ಅಪ್ಪನ ಪದ್ಧತಿಯಂತೆ ಕಾಗದ ತೊಡೆಯ ಮೇಲಿಟ್ಟೆ.

“ಯಾಕವಾ? ತಿಳೀಲಿಲ್ಲೇನು?”

ಎಲ್ಲರೂ ಹಿಂದೆ ತಿರುಗಿ ನೋಡಿದರು. ಅವಳು ಸೆರಗಿನಿಂದ ಬಾಯಿ ಒತ್ತಿಕೊಂಡು ಅಳುತ್ತಿದ್ದಳು. ಅಷ್ಟು ಜೋರಿನ ಹೆಂಗಸು ಅಳುವುದನ್ನು ನಾನು ನೋಡಿರಲಿಲ್ಲ.

“ತಿಳೀತ್ರೀ ಅಕ್ಕಾರ,” ಎಂದಳು. “ಸಾವುಕಾರ್ರೇ ಹೂಂ ಅಂದ್ರಲ್ರೀ. ಇನ್ನ ನಾನೇನು ಅನ್ನಲಿ?”

ಅಧ್ಯಕ್ಷನ ಮುಖ ನೋಡಿದರೆ, ತಾನು ಏನೆಂದೆ ಎಂಬುದು ಅವನಿಗೆ ಆಗಷ್ಟೇ ಹೊಳೆಯುತ್ತಿತ್ತು. ಕಾವಲುಗಾರನ ಮೇಜನ್ನು ನೋಡಿದ. ಬಾಗಿಲಾಚೆ ಜಗಲಿಯ ಮೇಲಿದ್ದ ಗಂಟುಗಳನ್ನು ನೋಡಿದ. ನನ್ನನ್ನು ನೋಡಿದ.

“ಟೀಚರ್ರೀ, ನಾ ರೂಢೀಲೆ ಅಂದೆ,” ಎಂದ.

“ರೂಢೀಲೆ ಅಂದ್ರೂ ಬಾಯಿ ನಿಂದೇ ಅಲ್ಲೇನಪಾ?” ಎಂದೆ.

ನಾನು ಬೇಕೆಂದೇ ಬಲೆ ಹಾಕಿದೆ ಎಂದು ಊರಲ್ಲಿ ಈಗಲೂ ಹೇಳುವವರಿದ್ದಾರೆ. ಅಷ್ಟು ಬುದ್ಧಿ ನನಗಿದ್ದಿದ್ದರೆ ಅಂದು ಗಿರಣಿಯಿಂದ ಚಹಾ ಕುಡಿದು ಸುಮ್ಮನೆ ಎದ್ದು ಬರುತ್ತಿರಲಿಲ್ಲ. ಎಲ್ಲರ ಹಾಗೆ ನಾನೂ ಅವನ ಮುಖವನ್ನೇ ನೋಡುತ್ತಾ ಕೂತಿದ್ದೆ. ಅವನು ಅಧ್ಯಕ್ಷ, ‘ಆ ಸಾಲು ತೆಗೀರಿ’ ಎಂದರೆ ತೆಗೆಯಲೇಬೇಕಾಗಿತ್ತು. ಬಟ್ಟೆ ಅಂಗಡಿಯವರು ಏನೋ ಹೇಳಲು ಬಾಯಿ ತೆರೆದರು. ಖಜಾಂಚಿ ಅವರ ಮೊಣಕಾಲ ಮೇಲೆ ಕೈಯಿಟ್ಟು, “ನೀವೂ ಹೂಂ ಅಂದೀರಿ ಸಾಹೇಬ್ರ, ನಾ ಕೇಳೀನಿ,” ಎಂದರು. ಹಿಂದೆ ಯಾರೋ ಕಿಸಕ್ಕೆಂದರು.

ಅಧ್ಯಕ್ಷ ಸ್ವಲ್ಪ ಹೊತ್ತು ನೆಲದ ಹೊಸ ಟೈಲ್ಸನ್ನು ನೋಡಿದ. “ಇಸ್ಪೀಟಿನವರು ಬಂದ್ರ ಏನು ಮಾಡೂಣ್ರೀ?” ಎಂದು ಕೇಳಿದ. ನಿಜವಾಗಿಯೂ ಕೇಳಿದ, ವಾದಕ್ಕಲ್ಲ.

“ಕೂಡಿಸಿ ನೀರು ಕೊಟ್ಟು, ಯಾರಿಗೆ ಆರಾಮಿಲ್ಲ ಅಂತ ಕೇಳು. ಇಸ್ಪೀಟಿನವರ ಹತ್ರ ಅದಕ್ಕ ಉತ್ತರ ಇರಂಗಿಲ್ಲ. ದವಾಖಾನಿ ಅಲ್ಲೇ ಐತಿ, ಹೋಗಿ ಕೇಳಿ ಬರಾಕ ನಿನ್ನ ಕಾವಲುಗಾರನಿಗೆ ಕಾಲು ಅದಾವ,” ಎಂದೆ.

“ಹೂಂ,” ಎಂದ. ಈ ಸಲ ತಡವಾಗಿ, ಯೋಚಿಸಿ ಎಂದ. ಆಮೇಲೆ, “ಮುಂದ ಓದ್ರಿ,” ಎಂದ.

ಉಳಿದದ್ದು ಹೆಚ್ಚಿರಲಿಲ್ಲ, ಇಬ್ಬರಲ್ಲಿ ಒಬ್ಬರು ಸತ್ತರೆ ಛತ್ರವನ್ನು ಯಾರು ನೋಡಿಕೊಳ್ಳಬೇಕು ಎಂಬ ಮಾತು, ಇಬ್ಬರು ಗೆಳೆಯರ ರುಜು. ಓದಿ ಮುಗಿಸಿ ಕನ್ನಡಕ ತೆಗೆದೆ. ಕಾಗದವನ್ನು ಮಡಿಸಿ ಚೀಲಕ್ಕೆ ಹಾಕಿದೆ.

ಅಷ್ಟರಲ್ಲಿ ಮಗಳು ದವಾಖಾನೆಯಿಂದ ಬಂದಳು. ಹಸಿಬಾಣಂತಿ, ಕಿವಿಗೆ ಬಟ್ಟೆ ಸುತ್ತಿಕೊಂಡಿದ್ದಳು, ಗೋಡೆ ಹಿಡಿದು ನಿಧಾನವಾಗಿ ನಡೆಯುತ್ತಿದ್ದಳು. ಒಳಗೆ ನಡೆದದ್ದು ಅವಳಿಗೆ ಒಂದೂ ಗೊತ್ತಿಲ್ಲ. ಜಗಲಿಯ ಮೇಲಿನ ಗಂಟುಗಳನ್ನೂ ಒಳಗೆ ತುಂಬಿದ ಜನರನ್ನೂ ನೋಡಿ, ಅವ್ವನನ್ನು ಹುಡುಕುತ್ತಾ ಹೊಸ್ತಿಲಾಚೆಯೇ ನಿಂತಳು. ಕಾವಲುಗಾರ ಅಭ್ಯಾಸಬಲದಿಂದ ಕೈ ಚಾಚಿದ. ಅಧ್ಯಕ್ಷ ಕಣ್ಣಲ್ಲೇ ಗದರಿಸಿದ. ಚಾಚಿದ ಕೈಯಿಂದ ಅವನು ತಲೆ ಕೆರೆದುಕೊಂಡ.

“ಒಳಗ ಬಾ ತಂಗಿ,” ಎಂದ ಅಧ್ಯಕ್ಷ.

“ಚೀಟಿ ಹಳೇದೈತ್ರೀ…” ಎಂದು ಅವಳು ಶುರುಮಾಡಿದಳು.

“ಮದ್ಲ ಬಾ. ಕುಂದರು.”

ಅವಳು ಅಂಜುತ್ತಲೇ ಒಳಗೆ ಬಂದು ಜಮಖಾನದ ಅಂಚಿಗೆ ಕೂತಳು. ಅಧ್ಯಕ್ಷ ಎದ್ದು, ಪಂಚೆ ಎತ್ತಿ ಕಟ್ಟಿಕೊಂಡು, ಮೂಲೆಯ ಹರವಿಯಿಂದ ತಾನೇ ಒಂದು ಗ್ಲಾಸು ನೀರು ತುಂಬಿ ತಂದುಕೊಟ್ಟ. ಗಿರಣಿಯಲ್ಲಿ ಅವನು ತಾನಾಗಿ ಎದ್ದು ನೀರು ಕುಡಿದದ್ದನ್ನೂ ನಾನು ನೋಡಿಲ್ಲ. ಅವಳು ಕುಡಿದು ಮುಗಿಸುವ ತನಕ ನಿಂತಿದ್ದ. ಬರಿದಾದ ಗ್ಲಾಸನ್ನು ವಾಪಸು ತೆಗೆದುಕೊಂಡ. ಎಲ್ಲರಿಗೂ ಗೊತ್ತಿದ್ದ ಮಾತನ್ನೇ ಗೊತ್ತಿಲ್ಲದವನಂತೆ, ಕಾಗದದಲ್ಲಿ ಇದ್ದ ಹಾಗೆಯೇ ಕೇಳಿದ.

“ಯಾರಿಗೆ ಆರಾಮಿಲ್ಲ?”

ಅವಳು ಹಿಂದೆ ಕೂತಿದ್ದ ಅವ್ವನ ಮುಖ ನೋಡಿದಳು. ಆಮೇಲೆ ಅವನ ಕಡೆ ತಿರುಗಿದಳು.

“ಮಗಳಿಗ್ರೀ,” ಎಂದಳು. “ಇನ್ನಾ ಹೆಸರಿಟ್ಟಿಲ್ಲ.”

“ಹೂಂ,” ಎಂದ ಅವನು.